ನೀರಹಕ್ಕಿ, ಬಸವನಹುಳು, ಚಪ್ಪಟೆ ಹುಳು: ಕೊಡಗಿನಿಂದ ಪದೇ ಪದೇ ಬರುವ ಪ್ರಶ್ನೆಗಳು

ಗದ್ದೆಗೆ ಇಳಿಯುವವರು, ತೋಟದಲ್ಲಿ ಕೆರೆ ಇಟ್ಟುಕೊಂಡವರು, ಹಕ್ಕಿ ನೋಡುವವರು ಮತ್ತು ಪ್ರಾಣಿಶಾಸ್ತ್ರ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಮೊದಲ ಭಾಗ ಎಲ್ಲರಿಗೂ. ಕೊನೆಯ ಭಾಗ ಪ್ರಯೋಗಾಲಯದಲ್ಲಿ ಕೈ ಆಡಿಸುವವರಿಗೆ.

## ಮೊದಲು ತಿಳಿಯಬೇಕಾದ್ದು

ಚಪ್ಪಟೆ ಹುಳು ಅಂದ್ರೆ ಲಾಡಿಹುಳವೇ ಅಲ್ವಾ?

ಲಾಡಿಹುಳವೂ ಚಪ್ಪಟೆ ಹುಳುಗಳ ವಂಶದ್ದೇ. ಆದರೆ ಈ ಪುಟದಲ್ಲಿ ಮಾತಾಡುತ್ತಿರುವುದು ಅದರ ದಾಯಾದಿಗಳಾದ ಟ್ರೆಮಟೋಡ್‌ಗಳ ಬಗ್ಗೆ. ದನದ ಡಾಕ್ಟರು 'ಫ್ಲೂಕ್' ಅನ್ನುವುದು ಇವನ್ನೇ. ಮೈ ಎಲೆಯ ಹಾಗೆ ಚಪ್ಪಟೆ, ತುಂಡುತುಂಡಾಗಿ ಇರುವುದಿಲ್ಲ. ಬಹುತೇಕ ಜಾತಿಗಳಿಗೆ ಎರಡು ಹೀರುಬಟ್ಟಲು, ಒಂದು ಬಾಯಿಯ ಸುತ್ತ, ಇನ್ನೊಂದು ಹೊಟ್ಟೆಯ ಮೇಲೆ. ಹೆಚ್ಚಿನವು ಉಭಯಲಿಂಗಿಗಳು. ರಕ್ತನಾಳದಲ್ಲಿ ಬದುಕುವ ಶಿಸ್ಟೋಸೋಮ್‌ಗಳಲ್ಲಿ ಮಾತ್ರ ಗಂಡು ಹೆಣ್ಣು ಬೇರೆ ಬೇರೆ.

ನೀರಹಕ್ಕಿಯ ಕರುಳಲ್ಲಿ ಮಾತ್ರ ಇವು ಇರುತ್ತವೆ ಅಂದುಕೊಳ್ಳಬೇಡಿ. ಫಿಲೋಫ್ತಾಲ್ಮಸ್ ಕಣ್ಣಿನ ರೆಪ್ಪೆಯ ಒಳಗೆ, ಸೈಕ್ಲೋಸೀಲಮ್ ಗಾಳಿಚೀಲದಲ್ಲಿ, ರೆನಿಕೋಲಾ ಮೂತ್ರಪಿಂಡದಲ್ಲಿ, ಪ್ರಾಸ್ತೋಗೊನಿಮಸ್ ಅಂಡನಾಳದಲ್ಲಿ, ಟ್ರೈಕೋಬಿಲ್ಹಾರ್ಜಿಯಾ ರಕ್ತನಾಳದಲ್ಲಿ. ಒಂದು ಹಕ್ಕಿಯ ಮೈಯಲ್ಲಿ ಐದಾರು ಜಾತಿ ಒಟ್ಟಿಗೇ ಇರುವುದು ಅಪರೂಪವಲ್ಲ.

ಬೆಳ್ಳಕ್ಕಿ ಹೊಟ್ಟೆಯ ಹುಳ ಬಸವನಹುಳುವಿನ ಒಳಗೆ ಹೋಗೋದು ಹೇಗೆ?

ಹಕ್ಕಿಯ ಹಿಕ್ಕೆಯಲ್ಲಿ ಹುಳದ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆಯಿಂದ ಹೊರಬರುವ ಮಿರಾಸಿಡಿಯಂ ಮರಿಗೆ ಮೈತುಂಬ ರೋಮ. ಕೆಲವೇ ಗಂಟೆಗಳಲ್ಲಿ ಅದು ತನಗೆ ಒಗ್ಗುವ ಬಸವನಹುಳುವನ್ನು ಹುಡುಕಿ ಒಳಹೊಗಬೇಕು, ಇಲ್ಲದಿದ್ದರೆ ಸಾಯುತ್ತದೆ. ಕೆಲವು ಜಾತಿಗಳಲ್ಲಿ ಮೊಟ್ಟೆ ನೀರಲ್ಲಿ ಒಡೆಯುವುದೇ ಇಲ್ಲ, ಬಸವನಹುಳು ಅದನ್ನು ತಿಂದ ಮೇಲೆ ಒಡೆಯುತ್ತದೆ. ಒಳಹೊಕ್ಕ ಮರಿ ಗಂಡು-ಹೆಣ್ಣಿನ ಸಂಪರ್ಕವಿಲ್ಲದೆಯೇ ತನ್ನ ನಕಲುಗಳನ್ನು ಹುಟ್ಟಿಸುತ್ತ ಹೋಗುತ್ತದೆ. ಕೊನೆಗೆ ಬಾಲವಿರುವ ಸರ್ಕೇರಿಯಾ ಮರಿಗಳು ದಿನಕ್ಕೆ ನೂರಾರು, ಕೆಲವು ಜಾತಿಗಳಲ್ಲಿ ಸಾವಿರಾರು, ನೀರಿಗೆ ಬರುತ್ತವೆ.

ಅಲ್ಲಿಂದ ಮುಂದಿನ ದಾರಿ ಜಾತಿಗೊಂದು. ಕೆಲವು ಮೀನು, ಕಪ್ಪೆಮರಿ, ಕೊಡತಿಹುಳದ ಮರಿ ಅಥವಾ ಇನ್ನೊಂದು ಬಸವನಹುಳುವಿನ ಒಳಗೆ ಗೂಡು ಕಟ್ಟಿ ಕಾಯುತ್ತವೆ. ಕೆಲವು ಹುಲ್ಲಿಗೋ ಕಲ್ಲಿಗೋ ಅಂಟಿಕೊಳ್ಳುತ್ತವೆ. ಶಿಸ್ಟೋಸೋಮ್‌ಗಳು ನೇರವಾಗಿ ಹಕ್ಕಿಯ ಕಾಲಿನ ಚರ್ಮ ಕೊರೆದು ಒಳಗೆ ಹೋಗುತ್ತವೆ.

ನಾಟಿಗೆ ಇಳಿದ ದಿನವೇ ಕಾಲೆಲ್ಲಾ ಕಡಿತ, ಸಂಜೆಗೆ ಕೆಂಪು ಗುಳ್ಳೆ. ಗೊಬ್ಬರದ ಅಲರ್ಜಿ ಅಂತಾರೆ, ಹೌದಾ?

ಗೊಬ್ಬರವೂ ಇರಬಹುದು, ಔಷಧಿಯೂ ಇರಬಹುದು. ಆದರೆ ನೀರು ಮುಟ್ಟಿದ ಮಟ್ಟದವರೆಗೆ ಮಾತ್ರ ಗುಳ್ಳೆ ಎದ್ದಿದ್ದರೆ, ನೀರಲ್ಲಿದ್ದಾಗಲೇ ಚುರುಚುರು ಅಂದು ಅರ್ಧ ದಿನದೊಳಗೆ ಗುಳ್ಳೆಯಾಗಿದ್ದರೆ, ಗದ್ದೆಯಲ್ಲಿ ಬಸವನಹುಳು ಕಂಡಿದ್ದರೆ, ಸರ್ಕೇರಿಯಾದ ಮೇಲೆ ಅನುಮಾನ ಪಡಬೇಕು. ಬಾತು, ನೀರುಕೋಳಿಗಳ ಶಿಸ್ಟೋಸೋಮ್ ಅಥವಾ ದನದ ಶಿಸ್ಟೋಸೋಮ್, ಎರಡರ ಮರಿಗಳೂ ನಮ್ಮ ಚರ್ಮವನ್ನು ತಪ್ಪಾಗಿ ಕೊರೆಯುತ್ತವೆ. ಮುಂದೆ ಹೋಗಲಾಗದೆ ಅಲ್ಲೇ ಸಾಯುತ್ತವೆ. ಸತ್ತ ಮರಿಗೆ ಮೈ ತೋರಿಸುವ ಸಿಟ್ಟೇ ಆ ತುರಿಕೆ. ಎರಡನೇ, ಮೂರನೇ ಸಲ ಇಳಿದಾಗ ತುರಿಕೆ ಜೋರಾಗುವುದು ಇದೇ ಕಾರಣಕ್ಕೆ.

ಗಟ್ಟಿ ಗಮ್‌ಬೂಟು ಹಾಕಿ. ಮೇಲೆ ಬಂದ ತಕ್ಷಣ ಕಾಲನ್ನು ಒಣಬಟ್ಟೆಯಿಂದ ಒತ್ತಿ ಉಜ್ಜಿ, ಗಾಳಿಗೆ ಒಣಗಲು ಬಿಡಬೇಡಿ. ನೀರಿನ ಪದರ ತೆಳುವಾಗುವ ಹೊತ್ತಲ್ಲೇ ಬಹಳಷ್ಟು ಮರಿಗಳು ಚರ್ಮಕ್ಕೆ ಹೊಗುತ್ತವೆ. ಹುಳದ ಮಾತ್ರೆ ಬೇಕಿಲ್ಲ, ವಾರದಲ್ಲಿ ತಾನಾಗಿ ಇಳಿಯುತ್ತದೆ. ಕೆರೆದು ಕೀವಾದರೆ ಡಾಕ್ಟರಿಗೆ ತೋರಿಸಿ. ಜ್ವರ, ಮೈಕೈ ನೋವು, ಕಣ್ಣು ಕೆಂಪು ಬಂದರೆ ಅದು ಈ ತುರಿಕೆಯಲ್ಲ. ಇಲಿಜ್ವರ ಇದೇ ಗದ್ದೆ ನೀರಿಂದ ಬರುತ್ತದೆ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಾದ್ರೆ ಮನುಷ್ಯರಿಗೆ ಶಿಸ್ಟೋಸೋಮ್ ಕಾಯಿಲೆ ಕೊಡಗಲ್ಲಿ ಬರುತ್ತಾ?

ಆಫ್ರಿಕಾದಲ್ಲಿ ಕಾಣುವ ಮನುಷ್ಯರ ಶಿಸ್ಟೋಸೋಮ್ ರೋಗ ಇಲ್ಲಿ ನೆಲೆಸಿಲ್ಲ. ಭಾರತದಲ್ಲಿ ಹೆಸರು ಕೇಳಿಬಂದ ಜಾಗ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಹಳ್ಳಿ, 1952ರಲ್ಲಿ. ಕೊಡಗಿನವರಿಗೆ ಸಂಬಂಧಿಸಿದ್ದು ತುರಿಕೆ, ಮತ್ತು ದನಗಳ ರೋಗ.

ದನದ ಗೊರಕೆ ರೋಗವೂ ಹಕ್ಕಿಯಿಂದಲೇ ಬರೋದಾ?

ಇಲ್ಲ. ಅದು ಶಿಸ್ಟೋಸೋಮಾ ನಸಾಲೆ, ದನದ ಮೂಗಿನ ರಕ್ತನಾಳದ ಹುಳ. ದನದ ಸಿಂಬಳದಿಂದ ಮೊಟ್ಟೆ ನೀರಿಗೆ ಬೀಳುತ್ತದೆ. ಗೊಂದಲ ಯಾಕೆಂದರೆ ಅದನ್ನು ಸಾಕುವ ಬಸವನಹುಳು ಇಂಡೋಪ್ಲನೋರ್ಬಿಸ್, ಹಕ್ಕಿಯ ಹುಳಗಳು ಕೆಲವಕ್ಕೂ ಅದೇ ಮನೆ. ಒಂದೇ ಕೆರೆಯ ಒಂದೇ ಜಾತಿಯ ಬಸವನಹುಳುವಿನಿಂದ ಹೊರಬಂದ ಕವಲುಬಾಲದ ಮರಿ ದನದ್ದೋ ಹಕ್ಕಿಯದೋ ಅಂತ ಕಣ್ಣಳತೆಯಲ್ಲಿ ತೀರ್ಪು ಕೊಡಬೇಡಿ, ಡಿಎನ್‌ಎ ನೋಡಲೇಬೇಕು.

ಗದ್ದೆ ಮೀನಿನ ಮಾಂಸದಲ್ಲಿ ಹಳದಿ ಕಾಳಿನಂಥ ಗುಳ್ಳೆ ಇತ್ತು. ತಿನ್ನಬಹುದಾ?

ಬಹುಪಾಲು ಅದು ಕ್ಲಿನೋಸ್ಟೋಮಮ್ ಹುಳದ ಗೂಡು. ಬಕ, ಬೆಳ್ಳಕ್ಕಿಗಳು ಮೀನು ನುಂಗಿದಾಗ ಹುಳ ಗೂಡಿಂದ ಹೊರಬಂದು ಅವುಗಳ ಬಾಯಿ-ಗಂಟಲಲ್ಲಿ ಬೆಳೆಯುತ್ತದೆ. ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ. ಹಸಿ ಅಥವಾ ಅರೆಬೆಂದ ಮೀನು ಬೇಡ. ಗುಳ್ಳೆಯ ಭಾಗ ಕತ್ತರಿಸಿ ತೆಗೆದು ಕೆರೆಗೆ ಎಸೆಯದೆ ಮಣ್ಣಲ್ಲಿ ಹೂತುಬಿಡಿ.

ಕೆರೆಯಲ್ಲಿರೋ ಬಸವನಹುಳು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಮೊದಲು ಬಾಯಿಗೆ ಮುಚ್ಚಳ ಇದೆಯೋ ಇಲ್ಲವೋ ನೋಡಿ.

ಮುಚ್ಚಳವಿಲ್ಲ, ಚಿಪ್ಪು ಹಗ್ಗ ಸುತ್ತಿಟ್ಟ ಹಾಗೆ ಒಂದೇ ಮಟ್ಟದಲ್ಲಿ ಸುತ್ತಿದೆ, ಅಗಲ 1ರಿಂದ 2 ಸೆಂಟಿಮೀಟರ್ ಅಂದರೆ ಇಂಡೋಪ್ಲನೋರ್ಬಿಸ್ ಎಕ್ಸಸ್ಟಸ್. ಅದೇ ಆಕಾರ, ಆದರೆ ಕೆಲವೇ ಮಿಲಿಮೀಟರ್ ಅಂದರೆ ಗೈರಾಲಸ್. ಇದನ್ನು ಇಂಡೋಪ್ಲನೋರ್ಬಿಸ್‌ನ ಮರಿ ಅಂತ ಬರೆದುಕೊಂಡು ಕೆಡಿಸುವವರು ಬಹಳ. ತೆಳು, ಜೇನುಬಣ್ಣ, ದೊಡ್ಡ ಬಾಯಿ ಬಲಕ್ಕೆ ಇದ್ದರೆ ಲಿಮ್ನಿಯಾ. ಬಾಯಿ ಎಡಕ್ಕೆ ಇದ್ದು ತುದಿ ಚೂಪಾಗಿದ್ದರೆ ಫೈಸೆಲ್ಲಾ ಅಕ್ಯುಟಾ, ಹೊರದೇಶದಿಂದ ಬಂದದ್ದು.

ಮುಚ್ಚಳ ಇದ್ದರೆ: ನಿಂಬೆಹಣ್ಣಿನಷ್ಟು ದಪ್ಪ, ಉರುಟು ಅಂದರೆ ಪೈಲಾ. ಗೋಪುರದ ಆಕಾರಕ್ಕೆ ಕಂದು ಪಟ್ಟಿ ಇದ್ದರೆ ಫಿಲೋಪಾಲುಡಿನಾ. ಉದ್ದ ಸೂಜಿಗೋಪುರ ಮೆಲನಾಯ್ಡಿಸ್. ಹರಿಯುವ ತೋಡಿನ ಕಲ್ಲಿಗೆ ಅಂಟಿದ, ದಪ್ಪ ಚಿಪ್ಪಿನ ಕಪ್ಪುಕಂದು ಬಸವನಹುಳು ಪಾಲುಡೋಮಸ್.

ಇಂಡೋಪ್ಲನೋರ್ಬಿಸ್ ಎಕ್ಸಸ್ಟಸ್ ಅನ್ನುವ ಹೆಸರಿನ ಕೆಳಗೇ ಏಷ್ಯಾದಲ್ಲಿ ಹಲವು ಬೇರೆ ಬೇರೆ ವಂಶಾವಳಿಗಳಿವೆ ಅಂತ ಡಿಎನ್‌ಎ ತೋರಿಸಿದೆ. ಚಿಪ್ಪು ನೋಡಿ ಅವನ್ನು ಬೇರ್ಪಡಿಸಲಾಗದು. ಹಾಗಾಗಿ ಹುಳದ ಜೊತೆ ಬಸವನಹುಳುವಿನ ಒಂದು ತುಂಡು ಮಾಂಸವನ್ನೂ ಇಟ್ಟುಕೊಳ್ಳುವುದು ಕಡ್ಡಾಯ.

ಹುಳದ ಅನುವಂಶಿಕ ವೈವಿಧ್ಯ ತಿಳಿದು ಯಾರಿಗೆ ಏನು ಉಪಯೋಗ?

ಮೂರು ಕಾರಣ ಹೇಳುತ್ತೇವೆ. ಒಂದು, ಒಂದೇ ಹೆಸರಿನ ಹುಳ ನಿಜವಾಗಿ ಎಷ್ಟು ಜಾತಿ ಅಂತ ತಿಳಿಯಲು. ಕೊರಳಪಟ್ಟಿಯಲ್ಲಿ 37 ಮುಳ್ಳಿರುವ ಎಕಿನೋಸ್ಟೋಮಾ ರೆವಲ್ಯೂಟಮ್ ಗುಂಪು ಇದಕ್ಕೆ ಹಳೆಯ ಉದಾಹರಣೆ. ಮುಳ್ಳೆಣಿಸಿ ಒಂದು ಅಂದುಕೊಂಡದ್ದು ಡಿಎನ್‌ಎಯಲ್ಲಿ ಹಲವು. ಎರಡು, ಬಸವನಹುಳುವಿನಲ್ಲಿ ಸಿಕ್ಕ ಮರಿಯನ್ನು ಹಕ್ಕಿಯಲ್ಲಿ ಸಿಕ್ಕ ದೊಡ್ಡ ಹುಳದ ಜೊತೆ ಜೋಡಿಸಲು. ಆಕಾರದಲ್ಲಿ ಎರಡಕ್ಕೂ ಏನೇನೂ ಹೋಲಿಕೆಯಿಲ್ಲ, ಡಿಎನ್‌ಎ ಮಾತ್ರ ಒಂದೇ. ಮೂರು, ಹುಳ ಒಂದು ಕೆರೆಯಿಂದ ಇನ್ನೊಂದಕ್ಕೆ ಓಡಾಡುತ್ತಿದೆಯೋ, ಅಲ್ಲೇ ಕೂತಿದೆಯೋ ತಿಳಿಯಲು. ಇವುಗಳಲ್ಲಿ ಕೊಡಗಿನ ಮಟ್ಟಿಗೆ ಹೆಚ್ಚು ರುಚಿಯಾದದ್ದು ಮೂರನೆಯದೇ. ಕೊನೆಯ ಭಾಗದಲ್ಲಿ ಬರುತ್ತದೆ.

## ಕೆರೆ, ಗದ್ದೆಯ ಕೆಲಸ

ಒಂದು ಕೆರೆಯಿಂದ ಎಷ್ಟು ಬಸವನಹುಳು ಹಿಡಿದರೆ ಸಾಕು? 30 ಆದೀತಾ?

ಆಗದು. ಹುಳ ಹೊತ್ತ ಬಸವನಹುಳುಗಳು ಸಾಮಾನ್ಯವಾಗಿ ನೂರಕ್ಕೆ ಕೆಲವೇ. ನೂರಕ್ಕೆ 5ರಲ್ಲಿ ಹುಳ ಇದ್ದರೆ ಒಂದಾದರೂ ಸಿಗುವ ಸಾಧ್ಯತೆ 95% ಆಗಲು 59 ಹಿಡಿಯಬೇಕು. ನೂರಕ್ಕೆ 2 ಆದರೆ 149. ನೂರಕ್ಕೆ 1 ಆದರೆ 299. ಇದು ಒಂದೇ ಒಂದು ಸಿಗಲು ಬೇಕಾದ ಲೆಕ್ಕ. ವೈವಿಧ್ಯ ಅಳೆಯಲು ಒಂದೇ ಜಾತಿಯ ಹುಳ ಹೊತ್ತ ಹತ್ತು-ಹದಿನೈದು ಬಸವನಹುಳುವಾದರೂ ಬೇಕು. ಹತ್ತು ಕೆರೆಯಲ್ಲಿ ಮೂವತ್ತು ಮೂವತ್ತು ಹಿಡಿಯುವುದಕ್ಕಿಂತ ಮೂರು ಕೆರೆಯಲ್ಲಿ ಮುನ್ನೂರು ಹಿಡಿಯುವುದು ಲೇಸು.

ದೊಡ್ಡವನ್ನು ಆರಿಸಿಕೊಂಡರೆ ಹುಳ ಹೆಚ್ಚು ಸಿಗುತ್ತದೆ, ಯಾಕೆಂದರೆ ಅವು ಹೆಚ್ಚು ದಿನ ನೀರಲ್ಲಿದ್ದವು. ಆದರೆ ಶೇಕಡಾವಾರು ಲೆಕ್ಕ ಹೇಳುವುದಾದರೆ ಸಿಕ್ಕಿದ್ದನ್ನೆಲ್ಲ ಹಿಡಿಯಬೇಕು. ಎರಡನ್ನೂ ಬೆರೆಸಬೇಡಿ.

ಯಾವ ತಿಂಗಳು ಒಳ್ಳೇದು?

ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ತೋಡು, ಹೊಳೆಗಳಲ್ಲಿ ಏನೂ ಸಿಗದು. ಗದ್ದೆಯಲ್ಲಿ ನಾಟಿಯಾಗಿ ನೀರು ನಿಂತ ಮೇಲೆ, ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆದು ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದವರೆಗೆ ಒಳ್ಳೆಯ ಕಾಲ. ಕೊಯ್ಲಿಗೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ಹುಡುಕಬೇಡಿ, ತೋಟದ ಕೆರೆಗೆ ಹೋಗಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದೆ ಕಾಫಿಗೆ ಸ್ಪ್ರಿಂಕ್ಲರ್ ಹಚ್ಚಿದಾಗ ಕೆರೆ ನೀರು ಇಳಿಯುತ್ತದೆ, ಬಸವನಹುಳುಗಳೂ ಹಕ್ಕಿಗಳೂ ಉಳಿದ ನೀರಿಗೆ ಒಟ್ಟಾಗುತ್ತವೆ. ಇಂಡೋಪ್ಲನೋರ್ಬಿಸ್ ಕೆಸರಲ್ಲಿ ಹೂತು ಬೇಸಗೆ ಕಳೆಯಬಲ್ಲದು; ಒಣಗಿದ ಕೆರೆ ಅಂದರೆ ಖಾಲಿ ಕೆರೆಯಲ್ಲ.

ತೋಟದ ಕೆರೆಯಲ್ಲಿ ಒಂದೂ ಬಸವನಹುಳು ಇಲ್ಲ. ಪಕ್ಕದ ಕೆರೆಯಲ್ಲಿ ರಾಶಿ. ಯಾಕೆ?

ಮೊದಲು ಬೋರ್ಡೋ ದ್ರಾವಣ ಎಲ್ಲಿ ಕಲಸುತ್ತೀರಿ ಹೇಳಿ. ಕಾಫಿಯ ತುಕ್ಕು ರೋಗಕ್ಕೆ 0.5%, ಮೆಣಸಿನ ಸೊರಗು ರೋಗಕ್ಕೆ 1% ದ್ರಾವಣ ಹೊಡೆಯುತ್ತಾರೆ, 1% ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ತಾಮ್ರ ಬಸವನಹುಳುವಿಗೆ ವಿಷ. ಹಳೆಯ ಕಾಲದಲ್ಲಿ ಅವನ್ನು ಕೊಲ್ಲಲೆಂದೇ ನೀರಿಗೆ ಮೈಲುತುತ್ತ ಹಾಕುತ್ತಿದ್ದರು. ಡ್ರಮ್ಮು, ಪಂಪು ಕೆರೆಯಲ್ಲೇ ತೊಳೆದರೆ ಅಥವಾ ಸಿಂಪಡಿಸಿದ ಮರುದಿನ ಮಳೆ ಬಂದು ಇಳಿಜಾರಿನ ನೀರು ಕೆರೆಗೆ ಸೇರಿದರೆ ಬಸವನಹುಳು ಉಳಿಯುವುದು ಕಷ್ಟ. ಮಾದರಿ ತೆಗೆಯುವ ಪ್ರತಿ ಕೆರೆಗೂ ಕೊನೆಯ ಸಿಂಪಡಣೆ ಯಾವಾಗ ಅಂತ ಬರೆದುಕೊಳ್ಳಿ. ಅದನ್ನು ಬಿಟ್ಟು 'ಈ ಕೆರೆಯಲ್ಲಿ ಹುಳ ಕಡಿಮೆ' ಅಂತ ತೀರ್ಮಾನಿಸಿದರೆ ಮೈಲುತುತ್ತದ ಕೆಲಸವನ್ನು ಹಕ್ಕಿಯ ತಲೆಗೆ ಕಟ್ಟಿದಂತೆ.

ತುರಿಕೆ ತಪ್ಪಿಸಲು ಕೆರೆಗೆ ಮೈಲುತುತ್ತ ಸುರಿಯಬಹುದಾ ಅಂತಲೂ ಕೇಳುತ್ತಾರೆ. ಬೇಡ. ಮೀನು ಸಾಯುತ್ತದೆ, ತಾಮ್ರ ಕೆಸರಲ್ಲಿ ಉಳಿದುಬಿಡುತ್ತದೆ.

ಬಸವನಹುಳುವಿಂದ ಸರ್ಕೇರಿಯಾ ಬಿಡಿಸೋದು ಹೇಗೆ? ನಮ್ಮ ಹತ್ರ ದೊಡ್ಡ ಉಪಕರಣ ಇಲ್ಲ.

ದೊಡ್ಡದು ಬೇಕಿಲ್ಲ. 10ರಿಂದ 40 ಪಟ್ಟು ದೊಡ್ಡದಾಗಿ ತೋರಿಸುವ ಸ್ಟೀರಿಯೊ ಮೈಕ್ರೋಸ್ಕೋಪ್, ಒಂದಿಷ್ಟು ಅಗಲಬಾಯಿಯ ಚಿಕ್ಕ ಗಾಜಿನ ಸೀಸೆ ಸಾಕು.

ಕೋಲಿಗೆ ಕಟ್ಟಿದ ಅಡುಗೆಯ ಜರಡಿಯಿಂದ ಬಸವನಹುಳು ಎತ್ತಿ. ಒದ್ದೆ ಎಲೆಯ ಜೊತೆ ಡಬ್ಬಿಯಲ್ಲಿ ತನ್ನಿ, ನೀರು ತುಂಬಿಸಿ ತಂದರೆ ದಾರಿಯಲ್ಲೇ ಉಸಿರುಕಟ್ಟಿ ಸಾಯುತ್ತವೆ, ಸರ್ಕೇರಿಯಾವೂ ದಾರಿಯಲ್ಲೇ ಹೊರಬಂದು ಬೆರೆತುಹೋಗುತ್ತದೆ. ಚಿಪ್ಪನ್ನು ಮೆತ್ತಗಿನ ಬ್ರಷ್‌ನಿಂದ ತೊಳೆಯಿರಿ. ಕಾಟೋಗ್ಯಾಸ್ಟರ್ ಅನ್ನುವ ಸಣ್ಣ ಹುಳಗಳು ಚಿಪ್ಪಿನ ಅಂಚಲ್ಲಿರುತ್ತವೆ, ಹೊಸಬರು ಅದನ್ನೇ ಸರ್ಕೇರಿಯಾ ಅಂದುಕೊಳ್ಳುತ್ತಾರೆ. ಸೀಸೆಗೆ ಒಂದರಂತೆ, 5ರಿಂದ 10 ಮಿಲಿಲೀಟರ್ ನೀರಲ್ಲಿ ಬಿಡಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ರಾತ್ರಿ ಕತ್ತಲಲ್ಲಿಟ್ಟು ಬೆಳಿಗ್ಗೆ ಬೆಳಕಿಗೆ ತನ್ನಿ, ಆದರೆ ನೇರ ಬಿಸಿಲು ಬೇಡ, ನೀರು ಕಾದರೆ ಎರಡೂ ಸಾಯುತ್ತವೆ. ಕಪ್ಪು ಕಾಗದದ ಮೇಲಿಟ್ಟು ಪಕ್ಕದಿಂದ ಟಾರ್ಚ್ ಹಿಡಿದರೆ ಬಿಳಿ ಚುಕ್ಕೆ ಕುಣಿಯುವುದು ಬರಿಗಣ್ಣಿಗೇ ಕಾಣುತ್ತದೆ. ಮಧ್ಯಾಹ್ನ, ಸಂಜೆ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ರಾತ್ರಿ ಹೊತ್ತು ಮಾತ್ರ ಮರಿ ಬಿಡುವ ಜಾತಿಗಳಿವೆ.

ಏನೂ ಬಿಡದ ಬಸವನಹುಳುವಿನಲ್ಲಿ ಹುಳ ಇಲ್ಲ ಅಂತ ಅರ್ಥವಲ್ಲ. ಎಳೆಯ ಸೋಂಕು ಮರಿ ಬಿಡುವ ಹಂತಕ್ಕೆ ಬಂದಿರುವುದಿಲ್ಲ. ಒಂದಷ್ಟನ್ನಾದರೂ ಎರಡು ಗಾಜಿನ ನಡುವೆ ಒಡೆದು, ಚಿಪ್ಪಿನ ತುದಿಯ ಸುರುಳಿಯಲ್ಲಿರುವ ಜೀರ್ಣಗ್ರಂಥಿ ನೋಡಿ. ಕೈಗವಸು ಹಾಕಿಕೊಳ್ಳಿ, ನೀರು ಚರ್ಮಕ್ಕೆ ಬಿದ್ದರೆ ಕೂಡಲೇ 70% ಸ್ಪಿರಿಟ್‌ನಿಂದ ಒರೆಸಿ.

ಸರ್ಕೇರಿಯಾ ಕಂಡಿತು. ಯಾವ ಗುಂಪು ಅಂತ ನೋಡಿ ಹೇಳಬಹುದಾ?

ಗುಂಪು ಹೇಳಬಹುದು, ಜಾತಿ ಆಗದು. ಬಾಲದ ತುದಿ ಎರಡಾಗಿ ಸೀಳಿದ್ದರೆ ಶಿಸ್ಟೋಸೋಮ್ ಅಥವಾ ಸ್ಟ್ರಿಜಿಡ್ ಕಡೆಯದು. ಬಾಯಿಯ ಹಿಂದಿನ ಸ್ನಾಯುಗಂಟು (ಫ್ಯಾರಿಂಕ್ಸ್) ಇಲ್ಲದೆ ಕಣ್ಣಿನ ಎರಡು ಚುಕ್ಕೆ ಇದ್ದರೆ ಹಕ್ಕಿಯ ಶಿಸ್ಟೋಸೋಮ್ ಕಡೆಗೆ ವಾಲಿ. ಬಾಯಿಯ ಸುತ್ತ ಮುಳ್ಳಿನ ಕೊರಳಪಟ್ಟಿ ಇದ್ದರೆ ಎಕಿನೋಸ್ಟೋಮ್. ಬಾಯಲ್ಲಿ ಒಂದೇ ಈಟಿಯಂಥ ಮುಳ್ಳು ಇದ್ದರೆ ಕ್ಸಿಫಿಡಿಯೋಸರ್ಕೇರಿಯಾ. ದೊಡ್ಡ, ಕಪ್ಪಗಿನ ಮೈ, ಹಿಂತುದಿಯಲ್ಲಿ ಹೀರುಬಟ್ಟಲು ಇದ್ದರೆ ಆಂಫಿಸ್ಟೋಮ್, ದನ-ಎಮ್ಮೆಗಳ ಹೊಟ್ಟೆಯದು. ಜೀವಂತ ಇರುವಾಗಲೇ ಫೋಟೊ ತೆಗೆಯಿರಿ, ಸತ್ತ ಮೇಲೆ ಆಕಾರ ಕುಗ್ಗುತ್ತದೆ.

ಹಕ್ಕಿ ಹಿಡಿಯದೆ ಹಕ್ಕಿಯ ಹುಳ ಸಿಗುತ್ತಾ? ಸತ್ತುಬಿದ್ದ ಬಕ ತರಬಹುದಾ?

ಹಿಡಿಯುವುದು, ಕೊಲ್ಲುವುದು, ಸತ್ತ ಹಕ್ಕಿಯನ್ನು ಎತ್ತಿಕೊಂಡು ಹೋಗುವುದು, ಯಾವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಂಶೋಧನೆಗೆ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಪರವಾನಗಿ ಪಡೆಯಬೇಕು. ನಾಗರಹೊಳೆ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅರಣ್ಯಗಳ ಒಳಗಾದರೆ ಬಸವನಹುಳುವಿಗೂ ಅನುಮತಿ ಬೇಕು. ಖಾಸಗಿ ತೋಟದ ಕೆರೆಗೆ ಮಾಲೀಕರ ಒಪ್ಪಿಗೆ. ನೀರಹಕ್ಕಿಗಳು ಗುಂಪಾಗಿ ಸತ್ತಿದ್ದರೆ ಮುಟ್ಟಲೇಬೇಡಿ, ಹಕ್ಕಿಜ್ವರ ಇರಬಹುದು, ಪಶುವೈದ್ಯ ಇಲಾಖೆಗೆ ತಿಳಿಸಿ.

ಹಿಕ್ಕೆ ಸಾಕಷ್ಟು ಹೇಳುತ್ತದೆ. ಬೆಳ್ಳಕ್ಕಿ, ನೀರುಕಾಗೆಗಳು ರಾತ್ರಿ ಕೂರುವ ಮರದ ಕೆಳಗೆ ಸಂಜೆ ಪ್ಲಾಸ್ಟಿಕ್ ಹಾಸಿ, ಬೆಳಿಗ್ಗೆ ಬಿಸಿಲೇರುವ ಮೊದಲು ಹಿಕ್ಕೆ ತೆಗೆಯಿರಿ. ಸುಮಾರು 3 ಗ್ರಾಂ ಹಿಕ್ಕೆಯನ್ನು 0.85% ಉಪ್ಪುನೀರಲ್ಲಿ ಕದಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಎತ್ತರದ ಲೋಟದಲ್ಲಿ 10 ನಿಮಿಷ ಬಿಡಿ. ಮೇಲಿನ ನೀರು ಮೆಲ್ಲಗೆ ಚೆಲ್ಲಿ, ಮತ್ತೆ ಉಪ್ಪುನೀರು ತುಂಬಿ, ತಿಳಿಯಾಗುವವರೆಗೆ ಮೂರು-ನಾಲ್ಕು ಸಲ ಮಾಡಿ. ಟ್ರೆಮಟೋಡ್ ಮೊಟ್ಟೆ ಭಾರ, ತಳದಲ್ಲಿ ಕೂರುತ್ತದೆ. ದುಂಡುಹುಳುವಿಗೆ ಮಾಡುವ ತೇಲಿಸುವ ಪರೀಕ್ಷೆ ಇಲ್ಲಿ ನಡೆಯದು. ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕಿದರೆ ಕಸ ನೀಲಿಯಾಗಿ ಮೊಟ್ಟೆ ಹಳದಿ-ಕಂದಾಗಿಯೇ ಉಳಿಯುತ್ತದೆ. ಬರೀ ನೀರು ಬಳಸಿದರೆ ಶಿಸ್ಟೋಸೋಮ್ ಮೊಟ್ಟೆಗಳು ನೋಡುವ ಮೊದಲೇ ಒಡೆದುಹೋಗುತ್ತವೆ, ಉಪ್ಪುನೀರು ಅದಕ್ಕೇ.

ಫಾರ್ಮಲಿನ್‌ನಲ್ಲಿ ಇಟ್ಟ ಹುಳದಿಂದ ಡಿಎನ್‌ಎ ಬರ್ತಿಲ್ಲ. ಈಗ ಏನು ಮಾಡೋದು?

ಅದನ್ನು ಆಕಾರ ನೋಡಲು ಇಟ್ಟುಕೊಳ್ಳಿ. ಫಾರ್ಮಲಿನ್ ಡಿಎನ್‌ಎಯನ್ನು ಮುರಿದು ಪ್ರೋಟೀನಿಗೆ ಅಂಟಿಸುತ್ತದೆ. ಹೊಸ ಮಾದರಿಗೆ 95% ಅಥವಾ ಅದಕ್ಕೂ ಶುದ್ಧ ಎಥನಾಲ್ ಬಳಸಿ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೀರು, ಬಣ್ಣ, ಬೇರೆ ರಾಸಾಯನಿಕ ಬೆರೆತಿರುತ್ತದೆ, ಅದು ಬೇಡ. ಮಾಂಸಕ್ಕಿಂತ ಹತ್ತು ಪಟ್ಟು ಎಥನಾಲ್ ಇರಲಿ, ಮರುದಿನ ಒಮ್ಮೆ ಬದಲಿಸಿ.

ಮುಚ್ಚಳವಿರುವ ಬಸವನಹುಳುವನ್ನು ಹಾಗೇ ಎಥನಾಲ್‌ಗೆ ಹಾಕಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗೆ ಕೊಳೆತು ಡಿಎನ್‌ಎ ಹಾಳು. ಚಿಪ್ಪು ಬಿರುಕು ಬಿಡುವಂತೆ ಒಡೆದು ಪಾದದ ತುಂಡನ್ನು ಪ್ರತ್ಯೇಕ ಹಾಕಿ. ಚೀಟಿ ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೆ ಹಾಕಿ. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು ಎಥನಾಲ್ ಸೋರಿದ ಕ್ಷಣ ಅಳಿಯುತ್ತದೆ.

## ಪ್ರಯೋಗಾಲಯ, ಲೆಕ್ಕಾಚಾರ

ಒಂದೇ ಸರ್ಕೇರಿಯಾದಿಂದ ಡಿಎನ್‌ಎ ಸಾಕಾಗುತ್ತಾ?

ಸಾಕು. ಪಿಪೆಟ್‌ನಿಂದ ಒಂದನ್ನೇ ಹೀರಿ, ಶುದ್ಧ ನೀರಲ್ಲಿ ಮೂರು ಸಲ ತೊಳೆಯಿರಿ, ಬಸವನಹುಳುವಿನ ಲೋಳೆ ಹೋಗಬೇಕು. 5% ಚೆಲೆಕ್ಸ್ (ಲೋಹದ ಅಯಾನು ಹಿಡಿದಿಡುವ ರಾಳದ ಕಾಳು) ದ್ರಾವಣ 100ರಿಂದ 150 ಮೈಕ್ರೋಲೀಟರ್, ಸ್ವಲ್ಪ ಪ್ರೊಟಿನೇಸ್-ಕೆ (ಪ್ರೋಟೀನು ಕರಗಿಸುವ ಕಿಣ್ವ), 56 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 95 ಡಿಗ್ರಿಯಲ್ಲಿ 10 ನಿಮಿಷ. ಮೇಲಿನ ತಿಳಿಯಿಂದ 2 ಮೈಕ್ರೋಲೀಟರ್ ಪಿಸಿಆರ್‌ಗೆ (ಡಿಎನ್‌ಎಯ ಬೇಕಾದ ತುಂಡನ್ನು ಹಲವು ಪಟ್ಟು ನಕಲಿಸುವ ಕ್ರಿಯೆ). ಚೆಲೆಕ್ಸ್ ಕಾಳು ಪಿಪೆಟ್‌ನಲ್ಲಿ ಬಂದರೆ ಪಿಸಿಆರ್ ನಿಲ್ಲುತ್ತದೆ. ಹಿಕ್ಕೆಯಿಂದ ತೆಗೆದ ಮೊಟ್ಟೆಗೆ ಇಷ್ಟು ಸಾಲದು, ಸಿಪ್ಪೆ ಗಟ್ಟಿ. ಮಂಜುಗಟ್ಟಿಸಿ ಕರಗಿಸುವುದನ್ನು ಕೆಲವು ಸಲ ಮಾಡಿ ಅಥವಾ ಗಾಜಿನ ಮಣಿಯ ಜೊತೆ ಕುಲುಕಿ.

ಬಸವನಹುಳುವಿನ ಡಿಎನ್‌ಎ ಅಳತೆಯಲ್ಲಿ ಚೆನ್ನಾಗಿದೆ, ಪಿಸಿಆರ್ ಬ್ಯಾಂಡ್ ಮಾತ್ರ ಬರ್ತಿಲ್ಲ. ಯಾಕೆ?

ಲೋಳೆಯ ಸಕ್ಕರೆ ಸರಪಳಿಗಳು ಡಿಎನ್‌ಎ ಜೊತೆಗೇ ಬಂದು ಕಿಣ್ವವನ್ನು ತಡೆಯುತ್ತವೆ. ಡಿಎನ್‌ಎ ಜಾಸ್ತಿ ಹಾಕುವುದು ಮೊದಲ ತಪ್ಪು, ಅದರಿಂದ ತಡೆಯೂ ಜಾಸ್ತಿ. 10ಕ್ಕೆ 1, 50ಕ್ಕೆ 1 ತೆಳುಗೊಳಿಸಿ ನೋಡಿ. ಬಿಎಸ್‌ಎ (ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನು) ಸೇರಿಸಿ. ಆಗಲೂ ಬಾರದಿದ್ದರೆ ಸಕ್ಕರೆ ಸರಪಳಿ ಬೇರ್ಪಡಿಸುವ ಸಿಟಿಎಬಿ ವಿಧಾನದಲ್ಲಿ ಮತ್ತೆ ತೆಗೆಯಿರಿ, ಜೀರ್ಣಗ್ರಂಥಿಯ ಬದಲು ಪಾದದ ಅಕ್ಕಿಕಾಳಿನಷ್ಟು ಮಾಂಸ ಬಳಸಿ.

ಯಾವ ಜೀನ್ ಓದಬೇಕು?

ವೈವಿಧ್ಯಕ್ಕೆ ಮೈಟೋಕಾಂಡ್ರಿಯಾದ ಕಾಕ್ಸ್1, ಎಕಿನೋಸ್ಟೋಮ್‌ಗಳಿಗೆ ಎನ್‌ಎಡಿ1 ಕೂಡ. ಬೇಗ ಬದಲಾಗುವ ಜೀನುಗಳು ಇವು. ಜಾತಿ ಬೇರ್ಪಡಿಸಲು ಐಟಿಎಸ್, ಕುಟುಂಬದ ಮಟ್ಟಕ್ಕೆ 28ಎಸ್. ಹುಳದ ಕಾಕ್ಸ್1ಗೆ ಜೆಬಿ3, ಜೆಬಿ4.5 ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರು ಅಂತ ಗುರುತಿಸುವ ಡಿಎನ್‌ಎ ಚೂರು) ಜೋಡಿ ಬಹಳ ಬಳಕೆಯಲ್ಲಿದೆ, ಸುಮಾರು 450 ಅಕ್ಷರದ ತುಂಡು ಕೊಡುತ್ತದೆ. ಬಸವನಹುಳುವಿಗೆ ಫೋಲ್ಮರ್ ಜೋಡಿ, ಸುಮಾರು 700 ಅಕ್ಷರ. ಹುಳಕ್ಕೆ ಫೋಲ್ಮರ್ ಪ್ರೈಮರ್ ಹಾಕಿ ಸುಂದರವಾದ ಬ್ಯಾಂಡ್ ಬಂತು ಅಂತ ಹಿಗ್ಗಬೇಡಿ, ಹೆಚ್ಚಿನ ಸಲ ಅದು ಬಸವನಹುಳುವೇ.

ಮೈಟೋಕಾಂಡ್ರಿಯಾ ಒಂದರ ಮೇಲೇ ನಿಲ್ಲಬೇಡಿ. ಯಕೃತ್ತಿನ ಫ್ಲೂಕ್ ಆದ ಫ್ಯಾಸಿಯೋಲಾದಲ್ಲಿ ಎರಡು ಜಾತಿಗಳ ಬೆರಕೆ ಸಿಕ್ಕಿದ್ದು ಮೈಟೋಕಾಂಡ್ರಿಯಾ, ಕೋಶಕೇಂದ್ರ ಎರಡೂ ಕಡೆಯ ಜೀನ್ ನೋಡಿದಾಗಲೇ.

ಸೀಕ್ವೆನ್ಸ್‌ನ ನಡುವೆ ಸ್ಟಾಪ್ ಕೋಡಾನ್ ಬರ್ತಿದೆ. ಓದಿದ್ದು ತಪ್ಪಾ?

ಬಹುತೇಕ ಸಲ ತಂತ್ರಾಂಶದ ಆಯ್ಕೆ ತಪ್ಪು. ಚಪ್ಪಟೆ ಹುಳುವಿನ ಮೈಟೋಕಾಂಡ್ರಿಯಾಕ್ಕೆ ಸಂಕೇತ ಪಟ್ಟಿ (ಮೂರು ಅಕ್ಷರಕ್ಕೆ ಯಾವ ಅಮೈನೋ ಆಮ್ಲ ಅಂತ ಹೇಳುವ ಪಟ್ಟಿ) 9. ಸಾಮಾನ್ಯ ಪಟ್ಟಿಯಲ್ಲಿ ಟಿಜಿಎ ಅಂದರೆ ನಿಲ್ಲು, ಇಲ್ಲಿ ಅದು ಟ್ರಿಪ್ಟೋಫಾನ್. ಕಶೇರುಕಗಳ ಪಟ್ಟಿಯಲ್ಲಿ ಎಜಿಎ, ಎಜಿಜಿ ನಿಲ್ಲು, ಇಲ್ಲಿ ಸೆರೀನ್. ಬಸವನಹುಳುವಿಗೆ ಪಟ್ಟಿ 5. ಪಟ್ಟಿ ಸರಿಮಾಡಿದ ಮೇಲೂ ಸ್ಟಾಪ್ ಉಳಿದರೆ ಕ್ರೊಮ್ಯಾಟೋಗ್ರಾಮ್‌ನ (ಓದಿನ ಶಿಖರಗಳ ನಕ್ಷೆ) ಆ ಜಾಗ ತೆರೆದು ನೋಡಿ, ಒಂದು ಅಕ್ಷರ ಬಿಟ್ಟುಹೋಗಿರಬಹುದು.

ಒಂದು ಬಸವನಹುಳುವಿಂದ 40 ಸರ್ಕೇರಿಯಾ ಓದಿಸಿದೆ, ಎಲ್ಲ ಒಂದೇ. ವೈವಿಧ್ಯ ಇಲ್ಲ ಅಂತ ಬರೆಯಬಹುದಾ?

ಬರೆಯಬೇಡಿ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಒಂದು ಮಿರಾಸಿಡಿಯಂನಿಂದ ಹುಟ್ಟಿದ ಸರ್ಕೇರಿಯಾಗಳೆಲ್ಲ ಅದರ ನಕಲುಗಳು. 40 ಓದಿದರೂ ನೀವು ನೋಡಿದ್ದು ಒಂದೇ ಮರಿಯನ್ನು. ಶಿಸ್ಟೋಸೋಮ್ ಆದರೆ ಅವೆಲ್ಲ ಒಂದೇ ಲಿಂಗ ಕೂಡ.

ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಹ್ಯಾಪ್ಲೋಟೈಪ್ (ಬೇರೆಯವಕ್ಕಿಂತ ಭಿನ್ನವಾದ ಡಿಎನ್‌ಎ ಅಕ್ಷರಸಾಲು) ವೈವಿಧ್ಯ 0ಯಿಂದ 1ರವರೆಗೆ: ಎಲ್ಲ ಒಂದೇ ಆದರೆ 0, ಎಲ್ಲ ಬೇರೆ ಆದರೆ 1. ಪ್ರತಿ ಹ್ಯಾಪ್ಲೋಟೈಪ್‌ನ ಪಾಲನ್ನು ವರ್ಗ ಮಾಡಿ ಕೂಡಿಸಿ, 1ರಿಂದ ಕಳೆದು, ಮಾದರಿ ಸಂಖ್ಯೆಯಿಂದ ಗುಣಿಸಿ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸುವುದು. ಹತ್ತು ಬಸವನಹುಳುಗಳಲ್ಲಿ ಹತ್ತು ಬೇರೆ ಹ್ಯಾಪ್ಲೋಟೈಪ್ ಇವೆ ಅನ್ನಿ. ಒಂದೊಂದರಿಂದ ಒಂದೊಂದು ಸರ್ಕೇರಿಯಾ ತೆಗೆದರೆ ಉತ್ತರ 1. ಅದೇ ಕೆರೆಯಲ್ಲಿ ಒಂದು ಬಸವನಹುಳುವಿಂದ 40, ಉಳಿದ ಒಂಬತ್ತರಿಂದ ಒಂದೊಂದು ತೆಗೆದರೆ ಉತ್ತರ 0.34. ಕೆರೆ ಅದೇ, ಹುಳ ಅವೇ.

ಹಾಗಾಗಿ ಬಸವನಹುಳುವಿಗೆ ಒಂದು ಸೀಕ್ವೆನ್ಸ್. ಎರಡು ಮಿರಾಸಿಡಿಯಂ ಹೊಕ್ಕಿರುವ ಅನುಮಾನಕ್ಕೆ ಎರಡು-ಮೂರು ಸರ್ಕೇರಿಯಾ ಪ್ರತ್ಯೇಕ ಓದಬಹುದು. ಬೇರೆ ಬಂದರೆ ಬೇರೆಯವನ್ನು ಸೇರಿಸಿ. ಹತ್ತಾರು ಸರ್ಕೇರಿಯಾ ಒಟ್ಟಿಗೆ ಅರೆದು ಓದಿಸಿದಾಗ ಕಾಕ್ಸ್1ನಲ್ಲಿ ಜೋಡಿ ಶಿಖರ ಕಂಡರೆ ಅದೂ ಮಿಶ್ರ ಸೋಂಕಿನ ಸುಳಿವೇ. ಐಟಿಎಸ್‌ನಲ್ಲಿ ಜೋಡಿ ಶಿಖರಕ್ಕೆ ಅಷ್ಟು ಬೆಲೆ ಕೊಡಬೇಡಿ, ಆ ಜೀನಿಗೆ ಒಂದೇ ಹುಳದಲ್ಲಿ ನೂರಾರು ಪ್ರತಿಗಳಿವೆ.

ಬ್ಲಾಸ್ಟ್‌ನಲ್ಲಿ 98% ಹೊಂದಿಕೆ ಬಂತು. ಅದೇ ಜಾತಿ ಅಂತ ಹೇಳಿಬಿಡಬಹುದಾ?

ಬ್ಲಾಸ್ಟ್ ಅಂದರೆ ನಮ್ಮ ಸೀಕ್ವೆನ್ಸನ್ನು ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದ ಜೊತೆ ಹೋಲಿಸುವ ತಂತ್ರಾಂಶ. ಉತ್ತರ ಯಾವ ಜೀನ್ ಅನ್ನುವುದರ ಮೇಲೆ ನಿಂತಿದೆ. 28ಎಸ್‌ನಲ್ಲಿ 98% ಅಂದರೆ ಬೇರೆ ಜಾತಿ, ಬೇರೆ ಕುಲವೂ ಆಗಬಹುದು. ಕಾಕ್ಸ್1ನಲ್ಲಿ 98% ಅಂದರೆ ಒಂದೇ ಜಾತಿ ಇರಬಹುದು. ಜೊತೆಗೆ, ಜೀನ್‌ಬ್ಯಾಂಕ್‌ನಲ್ಲಿರುವ ಹೆಸರು ಹಾಕಿದವರು ಹಾಕಿದ ಹೆಸರು, ಅಷ್ಟೇ. ಹಕ್ಕಿಯ ದೊಡ್ಡ ಹುಳದಿಂದ ಬಂದ, ಮಾದರಿ ಎಲ್ಲಿದೆ ಅಂತ ಬರೆದ ಸೀಕ್ವೆನ್ಸ್‌ಗೆ ಬೆಲೆ ಕೊಡಿ. ಅಂಥದ್ದು ಸಿಗದಿದ್ದರೆ 'ಎಕಿನೋಸ್ಟೋಮಾ ವಂಶಾವಳಿ 1' ಅಂತ ಬರೆಯುವುದರಲ್ಲಿ ಅವಮಾನವೇನಿಲ್ಲ.

ಎರಡು ಕೆರೆಯ ಬಸವನಹುಳು ಪೂರ್ತಿ ಬೇರೆ, ಹುಳ ಮಾತ್ರ ಒಂದೇ ಥರ. ಲೆಕ್ಕ ತಪ್ಪಿತಾ?

ತಪ್ಪಿಲ್ಲ, ಅದು ನಿರೀಕ್ಷಿಸಬೇಕಾದದ್ದೇ. ಬಸವನಹುಳು ನಡೆದು ಕೆರೆ ದಾಟದು, ಹುಳ ಹಕ್ಕಿಯ ಹೊಟ್ಟೆಯಲ್ಲಿ ಹಾರುತ್ತದೆ. ನ್ಯೂಜಿಲ್ಯಾಂಡ್‌ನ ಸರೋವರಗಳಲ್ಲಿ ಪೊಟಮೋಪೈರ್ಗಸ್ ಬಸವನಹುಳು ಮತ್ತು ಬಾತುಗಳಿಗೆ ಹೋಗುವ ಮೈಕ್ರೋಫ್ಯಾಲಸ್ ಹುಳವನ್ನು ಹೋಲಿಸಿದಾಗ, 1996ರಲ್ಲಿ ಪ್ರಕಟವಾದ ಕೆಲಸದಲ್ಲಿ, ಇದೇ ಕಂಡಿತ್ತು. 2004ರಲ್ಲಿ ಅಮೆರಿಕದ ಸಾಲ್ಮನ್ ಮೀನಿನ ಟ್ರೆಮಟೋಡ್‌ಗಳ ಕೆಲಸ ಇನ್ನೊಂದು ಮುಖ ತೋರಿಸಿತು: ಜೀವನಚಕ್ರ ಪೂರ್ತಿ ನೀರಿನೊಳಗೇ ಮುಗಿಸುವ ಹುಳಗಳು ಹೊಳೆಹೊಳೆಗೂ ಬೇರೆಯಾಗಿದ್ದವು, ಹಕ್ಕಿ-ಪ್ರಾಣಿಗಳ ಮೂಲಕ ನೆಲ ದಾಟುವವು ಬೆರೆತಿದ್ದವು.

ಬಸವನಹುಳುವಿನ ಸಂತಾನ ರೀತಿಯನ್ನೂ ಮರೆಯಬೇಡಿ. ಇಂಡೋಪ್ಲನೋರ್ಬಿಸ್ ಉಭಯಲಿಂಗಿ, ತಾನೇ ತನಗೆ ಗರ್ಭ ಕಟ್ಟಬಲ್ಲದು. ಮೀನುಮರಿಯ ಚೀಲದಲ್ಲಿ ಬಂದ ಒಂದೇ ಒಂದು ಕೆರೆ ತುಂಬಿಸಬಹುದು. ಮೆಲನಾಯ್ಡಿಸ್‌ನಲ್ಲಿ ಬಹುಪಾಲು ಹೆಣ್ಣುಗಳು ಗಂಡಿಲ್ಲದೆ ಮರಿ ಹಾಕುತ್ತವೆ. ಪೈಲಾ, ಫಿಲೋಪಾಲುಡಿನಾಗಳಲ್ಲಿ ಗಂಡು ಹೆಣ್ಣು ಬೇರೆ. ಈ ಮೂರು ಥರದವನ್ನು ಒಂದೇ ಕೋಷ್ಟಕದಲ್ಲಿ ಹಾಕಿ 'ಈ ಕೆರೆಯಲ್ಲಿ ವೈವಿಧ್ಯ ಕಡಿಮೆ' ಅಂದರೆ ಅರ್ಥವಿಲ್ಲ.

ಕೊಡಗಲ್ಲಿ ಅಧ್ಯಯನ ಮಾಡೋದಾದ್ರೆ ಎಲ್ಲೆಲ್ಲಿ ಮಾದರಿ ತೆಗೆಯಬೇಕು?

ತಾಲ್ಲೂಕು ಲೆಕ್ಕದಲ್ಲಿ ಹಂಚಬೇಡಿ, ನೀರು ಹರಿಯುವ ಲೆಕ್ಕದಲ್ಲಿ ಹಂಚಿ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿಯುತ್ತವೆ. ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕೆ, ಪುಷ್ಪಗಿರಿಯ ಕುಮಾರಧಾರಾ ನೇತ್ರಾವತಿಯ ಕಡೆಗೆ, ಎರಡೂ ಪಶ್ಚಿಮಕ್ಕೆ. ಜಲವಿಭಾಜಕದ ಎರಡೂ ಬದಿ ಇಷ್ಟು ಹತ್ತಿರ ಸಿಗುವ ಜಿಲ್ಲೆ ಈ ಪ್ರಶ್ನೆಗೆ ಹೇಳಿಮಾಡಿಸಿದಂತಿದೆ. ಎರಡೂ ಬದಿಯ ತೋಡುಗಳಿಂದ ಪಾಲುಡೋಮಸ್, ಎರಡೂ ಬದಿಯ ಗದ್ದೆ-ಕೆರೆಗಳಿಂದ ಲಿಮ್ನಿಯಾ ಅಥವಾ ಇಂಡೋಪ್ಲನೋರ್ಬಿಸ್, ಮತ್ತು ಅವುಗಳಿಂದಲೇ ಹಕ್ಕಿಯ ಹುಳ. ಮೂರನ್ನೂ ಒಂದೇ ಜಾಗದಿಂದ, ಒಂದೇ ಕಾಲದಲ್ಲಿ ತೆಗೆಯಬೇಕು. ತೋಡಿನ ಬಸವನಹುಳುವಿನಲ್ಲಿ ಬೆಟ್ಟದ ಗೆರೆ ಕಾಣಬೇಕು, ಬೆಳ್ಳಕ್ಕಿಯ ಹುಳದಲ್ಲಿ ಕಾಣಬಾರದು ಅನ್ನುವುದು ಊಹೆ. ಊಹೆ ತಪ್ಪಾದರೆ ಇನ್ನೂ ಒಳ್ಳೆಯ ಪ್ರಬಂಧವಾಗುತ್ತದೆ.

ಮೀನುಮರಿ ತಂದು ಬಿಟ್ಟ ಕೆರೆಗಳನ್ನು ಪಟ್ಟಿಯಲ್ಲಿ ಪ್ರತ್ಯೇಕ ಗುರುತಿಸಿ. ಅಲ್ಲಿ ಬಸವನಹುಳು ಓಡಾಡಿದ್ದು ಲಾರಿಯಲ್ಲಿ.

ಚಳಿಗಾಲಕ್ಕೆ ಬರುವ ಹಕ್ಕಿಗಳು ಹೊರದೇಶದ ಹುಳ ತಂದು ಬಿಡುತ್ತವಾ?

ಹೊತ್ತು ತರುವುದು ಸುಲಭ, ಇಲ್ಲಿ ನೆಲೆ ಕಟ್ಟುವುದು ಕಷ್ಟ. ಮಧ್ಯ ಏಷ್ಯಾದ ಹಾರುದಾರಿಯಲ್ಲಿ ಬರುವ ಬಾತು, ಗದ್ದೆಗೊರವಗಳ ಹಿಕ್ಕೆಯಲ್ಲಿ ಮೊಟ್ಟೆ ಬಿದ್ದರೂ, ಅದಕ್ಕೆ ಒಗ್ಗುವ ಬಸವನಹುಳು ಇಲ್ಲಿರಬೇಕು. ಮಿರಾಸಿಡಿಯಂ ಈ ವಿಷಯದಲ್ಲಿ ಬಹಳ ಹಟಮಾರಿ. ನೆಲೆಸಿದೆ ಅಂತ ಹೇಳಲು ಹಕ್ಕಿಯ ಹಿಕ್ಕೆಯ ಮೊಟ್ಟೆ ಸಾಕ್ಷಿಯಲ್ಲ, ಸ್ಥಳೀಯ ಬಸವನಹುಳುವಿನಿಂದ ಹೊರಬಂದ ಅದೇ ಹ್ಯಾಪ್ಲೋಟೈಪ್ ಬೇಕು, ಅದೂ ವಲಸೆ ಹಕ್ಕಿಗಳು ಹೋದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ ಸಿಕ್ಕರೆ ಮಾತಿಗೆ ತೂಕ.

ಕೆಲಸ ಮುಗಿದ ಮೇಲೆ ಮಾದರಿಗಳನ್ನು ಏನು ಮಾಡೋದು?

ಎಸೆಯಬೇಡಿ. ಸೀಕ್ವೆನ್ಸ್ ಆದ ಹುಳದ ಉಳಿದ ಭಾಗ, ಅದೇ ಬಸವನಹುಳುವಿನ ಇನ್ನೊಂದು ಸರ್ಕೇರಿಯಾ, ಚಿಪ್ಪು, ಫೋಟೊ, ಎಲ್ಲಕ್ಕೂ ಒಂದೇ ಸಂಖ್ಯೆ ಹಾಕಿ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮಘಟ್ಟ ಕೇಂದ್ರ ಕೋಳಿಕ್ಕೋಡ್‌ನಲ್ಲಿದೆ, ಕೊಡಗಿಗೆ ದೂರವಲ್ಲ. ಅಲ್ಲಿಗೆ ಒಪ್ಪಿಸುವ ಬಗ್ಗೆ ಕೆಲಸ ಶುರುಮಾಡುವ ಮೊದಲೇ ಬರೆದು ಕೇಳಿ. ಹೊರದೇಶದ ಲ್ಯಾಬಿಗೆ ಮಾದರಿ ಕಳಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಅನುಮತಿಯನ್ನು ಮೊದಲು ನೋಡಿಕೊಳ್ಳಿ, ಪಾರ್ಸೆಲ್ ಕಟ್ಟಿದ ಮೇಲಲ್ಲ. ಜೀನ್‌ಬ್ಯಾಂಕ್‌ಗೆ ಹಾಕುವಾಗ ಬಸವನಹುಳುವಿನ ಸೀಕ್ವೆನ್ಸ್ ಸಂಖ್ಯೆಯನ್ನೂ ಹುಳದ ದಾಖಲೆಯಲ್ಲಿ ಬರೆಯಿರಿ, ಕೆರೆಯ ಅಕ್ಷಾಂಶ-ರೇಖಾಂಶ ಮತ್ತು ತಿಂಗಳ ಜೊತೆಗೆ.